ಗೋಡೆಗೆಂದು ಹೊಲಿದ ಕೌದಿ

ಅವ್ವ ತೀರಿಕೊಂಡ ಮೂರನೆಯ ತಿಂಗಳಿಗೆ ಅವಳ ಸೀರೆಗಳನ್ನು ಗಂಟು ಕಟ್ಟಿಕೊಂಡು ನಾನು ಬೀದರಿನಿಂದ ಔರಾದ ಬಸ್ಸು ಹತ್ತಿದೆ. ಚಿಂತಾಕಿ ದಾಟಿದ ಮೇಲೆ ಬರುವ ಒಂದು ಸಣ್ಣ ಹಳ್ಳಿಯಲ್ಲಿ ಅವ್ವನ ತಂಗಿ, ನನ್ನ ಸಣ್ಣವ್ವ, ಇದ್ದಾಳೆ. ಸುತ್ತಲಿನ ನಾಲ್ಕು ಊರಿಗೆ ಕೌದಿ ಹೊಲಿಯುವುದರಲ್ಲಿ ಅವಳದೇ ಎತ್ತಿದ ಕೈ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಶುರು ಮಾಡಿ ಸುತ್ತುಸುತ್ತಾಗಿ ನಡುವಿನವರೆಗೆ ಹೊಲಿಗೆ ಹಾಕುತ್ತ ಹೋಗುತ್ತಾಳೆ. ಅವ್ವನ ಸೀರೆಗಳಿಂದ ನನಗೊಂದು ಕೌದಿ ಬೇಕಿತ್ತು. ಬೀದರಿನ ಚಳಿಗೆ ಅವ್ವನನ್ನು ಹೊದ್ದು ಮಲಗುವ ಆಸೆ, ಅಷ್ಟೇ.

ನಾನು ಬೀದರಿನ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ, ಚಿತ್ರ ಬರೆಯುತ್ತೇನೆ. ಬೆಳೆದದ್ದು ಭಾಲ್ಕಿಯಲ್ಲಿ, ಚರ್ಚಿನ ಬಗಲಿಗೇ ಇದ್ದ ಮನೆಯಲ್ಲಿ. ನಮ್ಮ ಸಭೆಯವರಿಗೆ ಚರ್ಚಿನಲ್ಲಿ ಚಿತ್ರ, ಮೂರ್ತಿ ಇಡುವ ರೂಢಿ ಇಲ್ಲ. ಒಂದು ಮರದ ಶಿಲುಬೆ, ಒಂದು ಗಡಿಯಾರ, ಉಳಿದದ್ದೆಲ್ಲ ಸುಣ್ಣ. ಸಂಡೇ ಸ್ಕೂಲಿನಲ್ಲಿ ಮಾತ್ರ ಕ್ರಿಸ್‌ಮಸ್‌ಗೆ ಬಣ್ಣದ ಕಾರ್ಡು ಕೊಡುತ್ತಿದ್ದರು. ಅದರಲ್ಲಿ ಯೇಸುಸ್ವಾಮಿ ಕೆಂಚು ಕೂದಲಿನವನು, ತೊಳೆದಿಟ್ಟಂಥ ಕುರಿಮರಿಯನ್ನು ಎತ್ತಿಕೊಂಡಿರುತ್ತಿದ್ದ. ಭಾಲ್ಕಿಯ ಕುರಿಗಳು ಹಾಗಿರಲಿಲ್ಲ. ನಾನು ಅದೇ ಕಾರ್ಡಿನ ಹಿಂಬದಿಗೆ, ಕೆಮ್ಮಣ್ಣು ಮೆತ್ತಿದ ಕುರಿ ಮತ್ತು ತಲೆಗೆ ರುಮಾಲು ಸುತ್ತಿದ ಯೇಸುವನ್ನು ಬರೆದು ಸಂಡೇ ಸ್ಕೂಲಿನ ಅಕ್ಕೋರಿಗೆ ತೋರಿಸಿದ್ದೆ. ಅವರು ನಕ್ಕು, "ಇಂವ ನಿಮ್ಮ ಕಾಕಾ ಇದ್ದಂಗ ಅದಾನಲ್ಲ ಬೇ," ಎಂದಿದ್ದರು. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತ್ತು.

ಮುಂದೆ ಕಲಬುರಗಿಯಲ್ಲಿ ಚಿತ್ರಕಲೆ ಓದುವಾಗ ಆ ಸಂತೋಷ ಹೋಯಿತು. ಜೊತೆಯವರು ತಮ್ಮ ತಮ್ಮ ಮನೆದೇವರು, ಜಾತ್ರೆ, ವಚನಗಳನ್ನು ಕ್ಯಾನ್ವಾಸಿಗೆ ತಂದರೆ ಮೇಷ್ಟರು ಹತ್ತಿರ ಹೋಗಿ ನೋಡುತ್ತಿದ್ದರು. ನಾನು ಶಿಲುಬೆಯಿಂದ ಮಗನ ದೇಹ ಇಳಿಸಿಕೊಳ್ಳುವ ತಾಯಿಯನ್ನು ಬರೆದಾಗ ಅವರು ದೂರದಿಂದಲೇ, "ಇದು ಕ್ಯಾಲೆಂಡರ್ ಆಯಿತು," ಎಂದರು. ಆ ತಾಯಿ ಉಟ್ಟದ್ದು ನನ್ನ ಅವ್ವನ ಸೀರೆ. ಅದನ್ನು ಹೇಳಬೇಕೆನಿಸಿತು, ಹೇಳಲಿಲ್ಲ. ಒಬ್ಬ ಗೆಳತಿಯಂತೂ, "ನೀನು ಪ್ರಚಾರಕ್ಕೆ ಬರೀತೀಯಾ?" ಎಂದು ಸಹಜವಾಗಿಯೇ ಕೇಳಿಬಿಟ್ಟಳು. ಆಮೇಲೆ ನಾನು ಕೋಟೆಯ ಬಾಗಿಲು, ಅಷ್ಟೂರಿನ ಗುಂಬಜು, ಮುರಿದ ಕಮಾನುಗಳನ್ನು ಬರೆಯತೊಡಗಿದೆ. ಅವು ಪ್ರದರ್ಶನಗಳಿಗೆ ಹೋದವು. ಮೂವತ್ತು ವರ್ಷ ಹಾಗೆಯೇ ಕಳೆಯಿತು.

ಅತ್ತ ಬೀದರಿನ ಚರ್ಚಿನಲ್ಲಿ ಕಲಾವಿದೆ ಎಂದರೆ ಥರ್ಮೊಕೋಲಿನ ನಕ್ಷತ್ರ ಕತ್ತರಿಸುವವಳು. ಡಿಸೆಂಬರ್ ಬಂದರೆ, "ಅಕ್ಕೋರೆ, ಬ್ಯಾನರ್ ಮ್ಯಾಲ ಅಕ್ಷರ ಬರದ ಕೊಡ್ರಿ," ಎಂದು ಫೋನು ಬರುತ್ತಿತ್ತು. ನಾನು ಬರೆದುಕೊಡುತ್ತಿದ್ದೆ. ನನ್ನ ಚಿತ್ರಗಳನ್ನು ನೋಡಲು ಅಲ್ಲಿಂದ ಯಾರೂ ಎಂದೂ ಬಂದವರಲ್ಲ. ಕಲಾವಿದರ ನಡುವೆ ಕೂತಾಗ ನನ್ನ ಪ್ರಾರ್ಥನೆಯನ್ನು ಬಾಗಿಲ ಹೊರಗೆ ಬಿಟ್ಟು ಹೋಗುತ್ತಿದ್ದೆ. ಚರ್ಚಿಗೆ ಹೋದಾಗ ನನ್ನ ಕುಂಚವನ್ನು ಬಿಟ್ಟು ಹೋಗುತ್ತಿದ್ದೆ. ಎರಡನ್ನೂ ಹಿಡಿದುಕೊಂಡು ಒಳಗೆ ಹೋಗುವಂಥ ಒಂದು ಜಾಗಕ್ಕಾಗಿ ಎಷ್ಟು ಹಂಬಲಿಸಿದ್ದೆನೆಂದು ನನಗೇ ತಿಳಿದಿರಲಿಲ್ಲ.

ಸಣ್ಣವ್ವ ಅಂಗಳದಲ್ಲಿ ಅವ್ವನ ಸೀರೆಗಳನ್ನು ಬಿಚ್ಚಿ ಹರವಿದಳು. ಒಂದೊಂದನ್ನೂ ಮೂಗಿಗೆ ಹಿಡಿದು ನೋಡಿದಳು. ಅರಿಶಿನ ಬಣ್ಣದ ಒಂದು ಸೀರೆ ಬಂದಾಗ ಅದನ್ನು ಮಡಿಲಿಗೆ ಎಳೆದುಕೊಂಡಳು.

"ಇದ ನನ್ನ ಮದಿವ್ಯಾಗ ಉಟ್ಟಿದ್ದಳು," ಎಂದಳು. "ನನಗ ಕೊಡ ಅಂದ್ರ ಕೊಡಲಿಲ್ಲ ನೋಡು. ಈಗ ತಾನೇ ಬಂದದ."

ಆ ಭಾನುವಾರ ಅವಳ ಜೊತೆ ಊರ ಚರ್ಚಿಗೆ ಹೋದೆ. ಅಗಲವಾದ ಒಂದೇ ಕೋಣೆ, ಹೆಂಗಸರು ಒಂದು ಬದಿಗೆ ಜಮಖಾನೆಯ ಮೇಲೆ, ಗಂಡಸರು ಇನ್ನೊಂದು ಬದಿಗೆ. ಪೂರ್ವಕ್ಕೆ ಬಾಗಿಲು. ಬೆಳಗಿನ ಬಿಸಿಲು ನೇರವಾಗಿ ಬಂದು ವೇದಿಯ ಹಿಂದಿನ ಬಿಳಿ ಗೋಡೆಗೆ ಬೀಳುತ್ತಿತ್ತು. ಪ್ರಸಂಗ ನಡೆಯುತ್ತಿರುವಾಗ ನನಗೆ ಆ ಗೋಡೆಯ ಮೇಲೆ ಒಂದು ದೊಡ್ಡ ಕೌದಿ ಕಂಡಿತು. ಸುತ್ತ ಕಪ್ಪು, ಕಂದು, ಗಾಢ ನೀಲಿ. ನಡುವೆ ಬಾಗಿಲಿನ ಆಕಾರದಲ್ಲಿ ಹಳದಿ. ಕಲ್ಲು ಸರಿದ ಸಮಾಧಿಯ ಬಾಗಿಲು. ಆ ಹಳದಿ, ಅವ್ವನ ಸೀರೆ.

ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ ಹೇಳಿದೆ. ನಲವತ್ತರ ಒಳಗಿನ ಮನುಷ್ಯ. ಮೋಟರ್ ಸೈಕಲ್ಲಿನ ಮೇಲೆ ನಾಲ್ಕು ಊರಿನ ಸಭೆ ನೋಡಿಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಶ್ರಮೆಯ ದಿನಗಳು ಮುಂದಿನ ವಾರ ಶುರು ಆಗ್ತಾವರಿ. ಈಸ್ಟರ್ ತನಕ ನಲವತ್ತು ದಿನ ಮಧ್ಯಾಹ್ನ ಹೆಣ್ಣಮಕ್ಕಳ ಪ್ರಾರ್ಥನಾ ಕೂಟ ಇರ್ತದ. ಪ್ರಾರ್ಥನಾ ಮುಗದ ಮ್ಯಾಲ ಹೊಲೀರಿ. ಗ್ವಾಡಿಗೆ ಹಾಕೋದ ಮಾತ್ರ ಹಿರಿಯರಿಗೆ ಕೇಳಬೇಕಾಗ್ತದ."

ನಾನು ಶಾಲೆಗೆ ರಜೆ ಹಾಕಿದೆ. ರಜೆ ಮುಗಿದ ಮೇಲೆ ಶನಿವಾರ, ಭಾನುವಾರ ಓಡಿಬರುತ್ತಿದ್ದೆ.

ಹದಿನಾಲ್ಕು ಹೆಂಗಸರು ಸೇರಿದರು. ತೀರಿಕೊಂಡವರ ಒಂದು ಬಟ್ಟೆ ತನ್ನಿ ಎಂದು ಹೇಳಿದ್ದೆ. ಒಬ್ಬಳು ಗಂಡನ ಧೋತರ ತಂದಳು, ಇನ್ನೊಬ್ಬಳು ಅತ್ತೆಯ ಪತ್ತಲ. ಒಬ್ಬಾಕೆ ಅಂಗೈಯಗಲದ ಕುಲಾಯಿ, ಕೂಸಿನ ಟೋಪಿ, ತಂದು ನನ್ನ ಮಡಿಲಲ್ಲಿಟ್ಟು ಹೋಗಿ ಮೂಲೆಯಲ್ಲಿ ಕೂತಳು. ಅದನ್ನು ಕತ್ತರಿಸಲು ನನ್ನ ಕೈ ಬರಲಿಲ್ಲ. ಸಣ್ಣವ್ವ ತೆಗೆದುಕೊಂಡು, ಕತ್ತರಿಸದೆ, ಹಾಗೆಯೇ ಚಪ್ಪಟೆ ಮಾಡಿ ಹಳದಿಯ ಅಂಚಿಗೆ ಕೂಡಿಸಿದಳು. ನಾಲ್ಕನೆಯ ದಿನ ಪಕ್ಕದ ಓಣಿಯ, ಲಿಂಗ ಕಟ್ಟಿದ ಒಬ್ಬ ಅಜ್ಜಿ ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ಹಸಿರು ಸೀರೆಯ ಸೆರಗು.

"ನನ್ನ ಮಗಳದರಿ. ನಿಮ್ಮದರಾಗ ನಂದೂ ಒಂದ ತುಂಡ ನಡೀತದೇನ್ರಿ?"

"ಯಾಕ ನಡಿಯಂಗಿಲ್ಲ, ಬಾ ಕುಂದರು," ಎಂದಳು ಸಣ್ಣವ್ವ. ಆ ಅಜ್ಜಿ ಆಮೇಲೆ ದಿನವೂ ಬಂದಳು. ಹಾಡು ಶುರುವಾದಾಗ ಸುಮ್ಮನಿರುತ್ತಿದ್ದಳು, ಹೊಲಿಗೆ ಮಾತ್ರ ಎಲ್ಲರಿಗಿಂತ ಬೇಗ.

ನನ್ನ ಮತ್ತು ಸಣ್ಣವ್ವನ ಜಗಳ ಎರಡನೆಯ ವಾರಕ್ಕೆ ಬಂತು. ನಾನು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ. ಬಾಗಿಲಿನ ಎರಡು ಬದಿಗಳು ಸಪಾಟಾಗಿ, ನೇರವಾಗಿ ಬರಬೇಕು. ಸಣ್ಣವ್ವನ ಹೊಲಿಗೆ ಅಲ್ಲಲ್ಲಿ ಹೊಟ್ಟೆ ಬಿಟ್ಟುಕೊಂಡು ಹೋಗುತ್ತಿತ್ತು. ಒಂದು ದಿನ ಬೆಳಿಗ್ಗೆ ಅವಳು ನೀರಿಗೆ ಹೋದಾಗ ನಾನು ಎರಡು ಸಾಲು ಬಿಚ್ಚಿ, ಗೆರೆಗೆ ಸರಿಯಾಗಿ ಮತ್ತೆ ಹೊಲಿಯತೊಡಗಿದೆ. ಅವಳು ಕೊಡ ಹೊತ್ತುಕೊಂಡೇ ನಿಂತು ನೋಡಿದಳು.

"ನಾ ಹೊಲದದ್ದ ಬಿಚ್ಚಿದೇನು?"

"ಗೆರಿ ತಪ್ಪಿತ್ತು ಸಣ್ಣವ್ವ."

"ಗೆರಿ ನೀ ಹಾಕಿದ್ದಿ. ನಾ ಹೊಲಿಯೂ ಹೊತ್ತಿನಾಗ ಪ್ರಾರ್ಥನಾ ಮಾಡ್ಲತಿದ್ದೆ. ಹೊಲಿಗಿಯ ಒಂದೊಂದ ಟಾಕಿಗೆ ನಿಮ್ಮವ್ವನ ಹೆಸರ ಹೇಳಿದ್ದೆ. ಅದನೂ ಬಿಚ್ಚಿದಿ ಹಂಗಾರ."

ಅಷ್ಟು ಹೇಳಿ ಕೊಡ ಇಳಿಸಿ ಒಳಗೆ ಹೋದಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ, ರೊಟ್ಟಿ ಮಾತ್ರ ತಟ್ಟಿ ಇಟ್ಟಳು. ಮೂರನೆಯ ದಿನ ನಾನೇ ಹೋಗಿ ಅವಳ ಬಗಲಿಗೆ ಕೂತು, ನೂಲು ಪೋಣಿಸಿ ಸೂಜಿ ಅವಳ ಕೈಗೆ ಕೊಟ್ಟೆ. ಅವಳು ತೆಗೆದುಕೊಂಡಳು. ಆ ಹೊತ್ತಿನಿಂದ ನಾನು ಗೆರೆ ಎಳೆಯುವುದನ್ನು ಬಿಟ್ಟೆ. ಬಾಗಿಲು ಸ್ವಲ್ಪ ಸೊಟ್ಟಗಾಯಿತು. ಮನಸ್ಸಿಗೆ ಕಿರಿಕಿರಿಯಾಗುತ್ತಲೇ ಇತ್ತು, ಸುಳ್ಳು ಹೇಳಲಾರೆ. ಆದರೂ ಅಷ್ಟು ವರ್ಷಗಳಲ್ಲಿ ಮೊದಲ ಬಾರಿ, ಕೆಲಸ ಮಾಡುತ್ತಿರುವಾಗಲೇ ಪ್ರಾರ್ಥನೆ ಬಾಯಿಗೆ ಬರುತ್ತಿತ್ತು. ಅದಕ್ಕಾಗಿ ಬೇರೆ ಹೊತ್ತು ಬೇಕೆನಿಸಲಿಲ್ಲ.

ಕೊನೆಯ ಬದಿ ಮುಚ್ಚುವ ಮೊದಲು ಸಣ್ಣವ್ವ ಒಂದು ಚಿಟಿಕೆ ಜೋಳ ಒಳಗೆ ಹಾಕಿದಳು. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಹೆಂಗಸರೆಲ್ಲ ನಕ್ಕರು, ಮೂಲೆಯಲ್ಲಿ ಕೂರುತ್ತಿದ್ದ ಆಕೆಯೂ ನಕ್ಕಳು.

ಶುಭ ಶುಕ್ರವಾರದ ಹಿಂದಿನ ದಿನ ಹಿರಿಯರು ನೋಡಲು ಬಂದರು. ಮೂವರಲ್ಲಿ ಮುಖ್ಯರಾದವರಿಗೆ ಎಂಬತ್ತರ ಹತ್ತಿರ. ಇಸ್ತ್ರಿ ಮಾಡಿದ ಬಿಳಿ ಧೋತರ, ಬಿಳಿ ಅಂಗಿ, ಒಂದು ಮಡಿಕೆ ಆಚೀಚೆ ಆಗಿಲ್ಲ. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಕೌದಿಯನ್ನು ಜಮಖಾನೆಯ ಮೇಲೆ ಹರವಿದೆವು. ಅವರು ಅದರ ಸುತ್ತ ಒಂದು ಸುತ್ತು ನಡೆದರು. ಮುಟ್ಟಲಿಲ್ಲ.

"ಚೆಂದ ಆಗ್ಯಾದ," ಎಂದರು. "ಖರೆ ಗ್ವಾಡಿಗೆ ಬ್ಯಾಡ."

ಪಾಸ್ಟರ್ ಏನೋ ಹೇಳಹೋದರು. ಕಾಕಾ ಕೈ ಎತ್ತಿ ತಡೆದು ನನ್ನ ಕಡೆ ತಿರುಗಿದರು.

"ಸಿಟ್ಟ ಆಗಬ್ಯಾಡವ್ವಾ. ನಮ್ಮಪ್ಪ ಊರೊಳಗ ಬರಬೇಕಂದ್ರ ಹರಕ ಅರಿವಿನೇ ಉಡಬೇಕಿತ್ತು. ಹೊಸದ ಉಟ್ರ ಬೈತಿದ್ರು, ಹೊಡೀತಿದ್ರು. ಹೊಸ ಧೋತರ ಉಟ್ಟು ಅಂವ ಮೊದಲ ಸಲ ಇಜ್ಜತಿಲಿ ಕುಂತಿದ್ದು ಈ ಜಾಗಾದಾಗ. ಪ್ರತಿ ಈಸ್ಟರ್‌ಗೆ ಈ ಗ್ವಾಡಿಗೆ ತಾನೇ ಸುಣ್ಣ ಹಚ್ಚತಿದ್ದ. ಅಂವ ಹೋದ ಮ್ಯಾಲ ನಾ ಹಚ್ಚಲತೀನಿ. ಅದರ ಮ್ಯಾಲ ಹಳೇ ಅರಿವಿ ಹ್ಯಾಂಗ ತೂಗ ಹಾಕ್ಲಿ? ನೀ ಕಲತಾಕಿ ಇದ್ದಿ, ನೀನೇ ಹೇಳು."

ನಾನು ಖಾಲಿ ಎಂದುಕೊಂಡಿದ್ದ ಗೋಡೆಯಲ್ಲಿ ಒಬ್ಬ ಮಗನಿಗೆ ಅಪ್ಪ ಕಾಣುತ್ತಿದ್ದ. ನನ್ನ ಕೌದಿಯ ಒಂದೊಂದು ತುಂಡಿನಲ್ಲೂ ಯಾರೋ ಒಬ್ಬರಿದ್ದ ಹಾಗೆಯೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಣ್ಣವ್ವ ಎದ್ದು ಕೌದಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟಳು. ಈಸ್ಟರ್ ದಿನ ಬಿಸಿಲು ಬಂದು ಹೊಸ ಸುಣ್ಣಕ್ಕೆ ಬಿತ್ತು. ನಾನು ಎಲ್ಲರ ಜೊತೆ ಹಾಡಿದೆ.

ಕೌದಿ ಬೀದರಿನ ನನ್ನ ಮನೆಯಲ್ಲಿ ಟ್ರಂಕಿನ ಮೇಲೆ ಕೆಲವು ತಿಂಗಳು ಇತ್ತು. ನಂತರ ಹೈದರಾಬಾದಿನ ಒಂದು ಪ್ರದರ್ಶನದವರು ನನ್ನ ಗುಂಬಜಿನ ಚಿತ್ರಗಳಿಗಾಗಿ ಬಂದವರು ಇದನ್ನು ನೋಡಿ, ಇದೇ ಬೇಕೆಂದರು. ನಾನು ಒಪ್ಪಿದೆ. ಹೆಂಗಸರಿಗೆ ಫೋನು ಮಾಡಿ ಹೇಳಿದೆ. "ಪಟ್ಟಣದಾಗ ನಮ್ಮ ಕೌದಿ!" ಎಂದು ಅವರಿಗೂ ಸಂತೋಷವೇ.

ಅಲ್ಲಿ ಅದಕ್ಕೆಂದೇ ಒಂದು ಇಡೀ ಗೋಡೆ ಕೊಟ್ಟಿದ್ದರು. ಮೇಲಿನಿಂದ ದೀಪ. ಹಳದಿ ಉರಿಯುತ್ತಿತ್ತು. ಅಂದು ಚರ್ಚಿನ ಗೋಡೆಯ ಮೇಲೆ ನನಗೆ ಕಂಡ ಹಾಗೆಯೇ ಇತ್ತು. ಜನ ಬಂದು ನಿಂತು, ಹಿಂದೆ ಸರಿದು, ಮತ್ತೆ ಹತ್ತಿರ ಬಂದು ನೋಡಿದರು. ಮುಟ್ಟಬಾರದೆಂದು ಕೆಳಗೆ ಒಂದು ಪಟ್ಟಿ ಎಳೆದಿದ್ದರು. ಪಕ್ಕದಲ್ಲಿ ಹಾಕಲು ನಾನು ಬರೆದುಕೊಟ್ಟಿದ್ದ ಟಿಪ್ಪಣಿಯಲ್ಲಿ 'ಪ್ರಾರ್ಥನೆ' ಎಂದಿದ್ದ ಕಡೆ 'ಸ್ಮರಣೆ' ಎಂದಾಗಿತ್ತು. ಯೇಸುವಿನ ಸಮಾಧಿ ಎಂಬ ಮಾತು ಇರಲೇ ಇಲ್ಲ, ಬರಿಯ 'ಬಾಗಿಲು' ಇತ್ತು. ಆಯೋಜಕಿ ಬಹಳ ಮೃದುವಾಗಿ ವಿವರಿಸಿದರು: ಧರ್ಮದ ಮಾತು ಬಂದರೆ ನೋಡುವವರು ದೂರ ನಿಲ್ಲುತ್ತಾರೆ, ಕೃತಿ ತಾನೇ ಮಾತಾಡಲಿ. ನಾನು ತಲೆಯಾಡಿಸಿದೆ. ಕಲಬುರಗಿಯಲ್ಲಿ ಇಪ್ಪತ್ತರ ಹುಡುಗಿಯಾಗಿ ಸುಮ್ಮನಿದ್ದೆ, ಐವತ್ತು ದಾಟಿದ ಮೇಲೂ ಸುಮ್ಮನಿದ್ದೆ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಪ್ರದರ್ಶನದ ಕೊನೆಯ ವಾರ ಒಂದು ಸಂಗ್ರಹಾಲಯದವರು ಕೌದಿಯನ್ನು ಶಾಶ್ವತವಾಗಿ ತಮ್ಮಲ್ಲಿ ಇಟ್ಟುಕೊಳ್ಳುತ್ತೇವೆ ಎಂದರು. ಧೂಳು, ಹುಳ, ಬಿಸಿಲು ಯಾವುದೂ ತಾಗದಂತೆ ಕಾಪಾಡುತ್ತೇವೆ ಎಂದರು. ಹೆಂಗಸರನ್ನು ಕೇಳಿ ಹೇಳುತ್ತೇನೆ ಎಂದೆ. ಅದೇ ಸಂಜೆ ಸಣ್ಣವ್ವನ ಸೊಸೆಯ ಫೋನು ಬಂತು.

"ನಮ್ಮ ಅತ್ತಿಯವರ ಎಡಗೈ ಏಳಲಾಗ್ಯಾದರಿ ಅಕ್ಕಾ. ಬೀದರಿಗೆ ಒಯ್ದು ತೋರಿಸಿ ಮನಿಗೆ ಕರಕೊಂಡ ಬಂದೀವಿ. ಕೌದಿ ಕೌದಿ ಅಂತ ಕೇಳ್ಲತಾರ."

ನಾಲ್ಕು ದಿನದಲ್ಲಿ ಪ್ರದರ್ಶನ ಮುಗಿಯಿತು. ಕೌದಿ ಇಳಿಸಿಕೊಂಡು ನೇರವಾಗಿ ಊರಿಗೆ ಹೋದೆ. ಡಿಸೆಂಬರಿನ ಚಳಿ. ಸಣ್ಣವ್ವ ಹೊರಸಿನ ಮೇಲೆ ಸಣ್ಣದಾಗಿ ಮಲಗಿದ್ದಳು. ಬಾಯಿ ತುಸು ಸೊಟ್ಟಗಾಗಿತ್ತು. ಕೌದಿಯನ್ನು ಎರಡು ಮಡಿಕೆ ಮಾಡಿ ಹೊದಿಸಿದೆ. ಅವಳು ಬಲಗೈಯ ಬೆರಳಿನಿಂದ ಹೊಲಿಗೆಯನ್ನು ತಡವುತ್ತ ತಡವುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು.

"ಇದ ನೀ ಹೊಲದದ್ದು," ಎಂದಳು. "ಭಾಳ ಬಿಗಿ ಎಳದೀದಿ."

ಮರುದಿನ ಪಾಸ್ಟರ್ ಅವಳಿಗೆ ಕರ್ತನ ಭೋಜನ ಕೊಡಲು ಬಂದರು. ಹದಿನಾಲ್ಕು ಮಂದಿಯಲ್ಲಿ ಎಂಟು ಜನ, ಜೊತೆಗೆ ಲಿಂಗ ಕಟ್ಟಿದ ಅಜ್ಜಿ, ಬಂದು ಹೊರಸಿನ ಸುತ್ತ ಕೂತರು. ಪಾಸ್ಟರ್ ರೊಟ್ಟಿಯ ತಟ್ಟೆಯನ್ನೂ ದ್ರಾಕ್ಷಾರಸದ ಪುಟ್ಟ ಬಟ್ಟಲನ್ನೂ ಸಣ್ಣವ್ವನ ಮಡಿಲ ಮೇಲೆ, ಕೌದಿಯ ಹಳದಿ ಬಾಗಿಲಿನ ಮೇಲೆಯೇ ಇಟ್ಟು ಪ್ರಾರ್ಥಿಸಿದರು. ಬಟ್ಟಲು ತುಟಿಗೆ ಹಿಡಿದಾಗ ಅವಳ ಬಾಯಿಯ ಸೊಟ್ಟ ಬದಿಯಿಂದ ರಸ ಜಾರಿ ಕೌದಿಯ ಮೇಲೆ ಬಿತ್ತು. ನಾನು ತಡೆಯಲಾಗದೆ ಸೆರಗಿನಿಂದ ಒರೆಸಲು ಮುಂದೆ ಬಗ್ಗಿದೆ. ಸಂಗ್ರಹಾಲಯದವರ ಮುಖ ನನ್ನ ಕಣ್ಣ ಮುಂದೆ ಬಂದಿತ್ತು. ಸಣ್ಣವ್ವ ನನ್ನ ಕೈ ಹಿಡಿದಳು.

"ಇರ್ಲಿ ಬಿಡು," ಎಂದಳು.

ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಬಗ್ಗಿ, ತಮ್ಮ ತಮ್ಮ ತುಂಡು ಹುಡುಕಿ ಮುಟ್ಟಿದರು. ಕುಲಾಯಿ ಕೊಟ್ಟಾಕೆ ಅದರ ಮೇಲೆ ಕೈ ಇಟ್ಟು ಬಹಳ ಹೊತ್ತು ಕೂತಳು. ಹೈದರಾಬಾದಿನಲ್ಲಿ ಎಷ್ಟೋ ಜನ ಅದರ ಮುಂದೆ ನಿಂತದ್ದನ್ನು ನೋಡಿದ್ದೆ. ಈ ನೋಟ ಅಲ್ಲಿ ಇರಲಿಲ್ಲ. ಸಂಗ್ರಹಾಲಯದ ಮಾತನ್ನು ಅಲ್ಲಿಯೇ ಅವರ ಮುಂದಿಟ್ಟೆ. ಲಿಂಗ ಕಟ್ಟಿದ ಅಜ್ಜಿ ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟಳು.

"ಅಲ್ಲಿ ಇಟ್ರ ನನಗ ಮುಟ್ಟಾಕ ಹ್ಯಾಂಗ ಸಿಗ್ತದರಿ?"

ಉಳಿದವರು ಹೌದೆಂದು ತಲೆಯಾಡಿಸಿದರು. ನಾನು ಬೇಡವೆಂದು ಪತ್ರ ಬರೆದೆ. ಬರೆದು ಅಂಚೆಗೆ ಹಾಕಿ ಬಂದ ಮೇಲೆ ಅತ್ತುಬಿಟ್ಟೆ.

ಸಣ್ಣವ್ವ ಚೇತರಿಸಿಕೊಂಡಳು, ಕೋಲು ಹಿಡಿದು ಅಂಗಳಕ್ಕೆ ಬರುವಷ್ಟು. ಸಂಕ್ರಾಂತಿಯ ಹೊತ್ತಿಗೆ ಪಾಸ್ಟರ್ ಬಂದು ಕೌದಿ ಕೇಳಿದರು. ಕಾಕಾ ಹೊಲದಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನಾನು ಅಂದು ಊರಲ್ಲಿದ್ದೆ, ಜೊತೆಗೆ ಹೋದೆ. ಪಾಸ್ಟರ್ ಕೌದಿಯನ್ನು ಬಿಚ್ಚಿ ಅವರ ಕಾಲ ಮೇಲೆ ಹೊದಿಸುವಾಗ ನಾನು ಕಾಕಾ ಮುಖವನ್ನೇ ನೋಡುತ್ತಿದ್ದೆ. ಬಿಳಿ ಅಂಗಿಯ ಮೇಲೆ ಆ ಹಳೆಯ ಬಣ್ಣಗಳು. ಕಾಕಾ ನೋಡಿದರು, ಗುರುತು ಹಿಡಿದರು.

"ಬೆಚ್ಚಗ ಅದ," ಎಂದರು. ನನ್ನ ಕಡೆ ನೋಡದೆ, "ಗ್ವಾಡಿ ಮಾತ ಬ್ಯಾರೆ," ಎಂದರು. ಮತ್ತೆ, "ಈ ನೀಲಿ ತುಂಡ ಯಾರದು?" ಎಂದು ಕೇಳಿದರು. ಹೇಳಿದೆ. ಇನ್ನೊಂದು ತುಂಡು ಕೇಳಿದರು. ಒಂದೊಂದಾಗಿ ಎಲ್ಲ ಕೇಳಿದರು. ಅವರಿಗೆ ಬಹುತೇಕ ಎಲ್ಲರೂ ಗೊತ್ತಿದ್ದವರೇ.

ಮೂರು ಚಳಿಗಾಲ ಕಳೆದಿವೆ. ಯಾರಿಗಾದರೂ ಮೈ ಹುಷಾರಿಲ್ಲವೆಂದರೆ ಪಾಸ್ಟರ್ ಭೋಜನದ ಪೆಟ್ಟಿಗೆಯ ಜೊತೆ ಕೌದಿಯನ್ನೂ ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಾರೆ. ಹರಿದ ಕಡೆ ಹೆಂಗಸರು ಹೊಸ ತುಂಡು ಹಚ್ಚುತ್ತಾರೆ, ನನ್ನನ್ನು ಕೇಳುವುದಿಲ್ಲ. ಹಳದಿಯ ಎಡಬದಿಗೆ ಈಗ ಹೂವಿನ ಪ್ರಿಂಟಿನ ನೈಲಾನ್ ತೇಪೆ ಬಂದಿದೆ. ನೋಡಿದಾಗಲೆಲ್ಲ ಕಣ್ಣಿಗೆ ಕಸ ಬಿದ್ದಂತಾಗುತ್ತದೆ. ಚರ್ಚು ಒಬ್ಬ ಕಲಾವಿದೆಯ ಕೆಲಸವನ್ನು ಇಷ್ಟು ಹತ್ತಿರಕ್ಕೆ ತೆಗೆದುಕೊಂಡಿತು ಎಂದು ನನಗೆ ತಿಳಿಯುತ್ತದೆ. ಆದರೂ ಒಂದೇ ಒಂದು ಈಸ್ಟರ್ ಬೆಳಿಗ್ಗೆ, ಬಾಗಿಲಿನಿಂದ ಬಿಸಿಲು ಬರುವ ಆ ಅರ್ಧ ಗಂಟೆ, ಅದು ವೇದಿಯ ಹಿಂದೆ ನೇತಾಡುವುದನ್ನು ನೋಡಬೇಕೆಂಬ ಆಸೆ ಹೋಗಿಲ್ಲ. ದೇವರ ಮುಂದೆಯೂ ಹೇಳಿಕೊಂಡಿದ್ದೇನೆ. ಕಾಕಾ ಮುಂದೆ ಹೇಳಿಲ್ಲ, ಹೇಳುವುದೂ ಇಲ್ಲ.

ಮೊನ್ನೆ ಶಾಲೆ ಬಿಟ್ಟ ಮೇಲೆ ಸಣ್ಣವ್ವನಿಗೆ ಫೋನು ಮಾಡಿ, ಕೌದಿ ಈಗ ಯಾರ ಮನೆಯಲ್ಲಿದೆ ಎಂದು ಕೇಳಿದೆ.

"ಕೆಳಗಿನ ಓಣ್ಯಾಗ ಹೊಸ ಬಾಣಂತಿ ಅದಾಳ, ಅಕಿ ಒಯ್ದಾಳ," ಎಂದಳು. "ಅಂಚ ಬಿಚ್ಚಲತದ. ನನ್ನ ಕೈ ಮೊದಲಿನಂಗ ನಡ್ಯಂಗಿಲ್ಲ. ನೀ ಯಾವಾಗ ಬರ್ತಿ?"

"ಶನಿವಾರ ಬರ್ತೀನಿ," ಎಂದೆ.

"ದಪ್ಪ ದಾರ ತಗೊಂಡ ಬಾ. ಈ ಸಲ ಜರಾ ಸಡಲ ಹೊಲಿ."